ಹೂಕೋಸಿನ ಪಾತಿಯ ಬಾಣಂತಿ

ಧನುರ್ಮಾಸದ ಚಳಿಗೆ ಗಿಡದ ಬುಡ ಮರಗಟ್ಟಬಾರದೆಂದು ಚನ್ನರಾಯಪ್ಪ ಮೇಷ್ಟ್ರು ಹೂಕೋಸಿನ ಪಾತಿಗೆ ರಾಗಿ ಹುಲ್ಲು ಹಾಸಿದ್ದೇ ತಪ್ಪಾಯಿತು. ಭಾನುವಾರ ಬೆಳಿಗ್ಗೆ ನೀರು ಬಿಡಲು ಹಿತ್ತಿಲಿಗೆ ಹೋದರೆ, ಪಾತಿಯ ನಟ್ಟನಡುವೆ ನಾಲ್ಕು ಗಿಡಗಳನ್ನು ಮಲಗಿಸಿ, ಅವುಗಳ ಮೇಲೆ ಬೀದಿಯ ಕಂದು ನಾಯಿ ತಾನೂ ಮಲಗಿತ್ತು. ಅದರ ಹೊಟ್ಟೆಗೆ ಐದು ಮರಿಗಳು ಅಂಟಿಕೊಂಡಿದ್ದವು.

ಮೇಷ್ಟ್ರು ನೀರಿನ ಪೈಪು ಕೆಳಗೆ ಹಾಕಿದರು. ಯಲ್ದೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮಾಡಿಸಿ ನಿವೃತ್ತರಾದವರು ಅವರು. ಮಗಳು ವಾಣಿಶ್ರೀಯ ಮದುವೆಯ ಪಂಕ್ತಿಯಲ್ಲಿ ಬೀಗರು, ರಾಯಲ್ಪಾಡಿನ ಮಾವಿನ ತೋಪಿನ ಆಂಜಿನಪ್ಪನವರು, ನೂರು ಜನರೆದುರು ಒಂದು ಮಾತು ಆಡಿದ್ದರು. “ಮೇಷ್ಟ್ರಿಗೇನು ಗೊತ್ತು ಬೇಸಾಯ? ವಿಜಿಲ್ ಊದಿದ್ರೆ ಗಿಡ ಎದ್ದು ನಿಂತ್ಕೊಳ್ತದಾ?” ಎಲ್ಲರೂ ನಕ್ಕಿದ್ದರು. ಮೇಷ್ಟ್ರೂ ನಕ್ಕಿದ್ದರು, ಆದರೆ ಅಂದು ತಿಂದ ಹೋಳಿಗೆ ಇಂದಿಗೂ ಗಂಟಲಲ್ಲೇ ನಿಂತಂತಿತ್ತು. ಈ ಚಳಿಗಾಲ ಹೂಕೋಸು, ನವಿಲುಕೋಸು, ಕ್ಯಾರೆಟ್ಟು ಎಲ್ಲವನ್ನೂ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಿ, ಬೀಗರನ್ನು ಊಟಕ್ಕೆ ಕರೆದಿದ್ದರು. ಅದು ಇವತ್ತೇ.

ಅವರು ಕೈ ತಟ್ಟಿದರು. ನಾಯಿ ಹಲ್ಲು ತೋರಿಸಿತು. ಕೋಲು ಹುಡುಕುವಷ್ಟರಲ್ಲಿ ಪಕ್ಕದ ಗೋಡೆಯ ಮೇಲೆ ಮುನಿಯಲ್ಲಮ್ಮನ ತಲೆ ಕಾಣಿಸಿತು.

“ಏನ್ ಮೇಷ್ಟ್ರೇ, ಬಾಣಂತಿ ಮೇಲೆ ಕೋಲು ಎತ್ತೀರಾ? ಮಗಳನ್ನ ಕೊಟ್ಟಿರೋ ಮನೆ ನಿಮ್ದು.”

“ಎತ್ತಿಲ್ಲ ಅಕ್ಕಾ. ಸ್ವಲ್ಪ ಆ ಕಡೆ ಮಲಗ್ಲಿ ಅಂತ.”

“ಹತ್ತು ದಿನ ಅದನ್ನ ಮುಟ್ಟಬಾರ್ದು. ಇರಿ, ಬಂದೆ.”

ಬಂದರು, ರಾಗಿ ಗಂಜಿಯ ಬೋಗುಣಿ ಹಿಡಿದು, ಕ್ಯಾರೆಟ್ಟಿನ ಪಾತಿಯ ಮೇಲೆಯೇ ನಡೆದು. ಅವರ ಹಿಂದೆಯೇ ಎದುರುಮನೆಯ ಅಮರನಾಥ್ ಬಂದು ಮೊಬೈಲಿನಲ್ಲಿ ಫೋಟೋ ತೆಗೆದು ಬೀದಿಯವರ ಗ್ರೂಪಿಗೆ ಹಾಕಿದ. ಒಂಬತ್ತು ಗಂಟೆಗೆ ಅರ್ಧ ಬೀದಿ ಹಿತ್ತಿಲಲ್ಲಿತ್ತು. ಒಬ್ಬರು ಬಿಸಿಲು ಬೀಳುತ್ತದೆಂದು ಅವರೆ ಬಳ್ಳಿಯ ಎರಡು ಕೋಲು ಕಿತ್ತು ನಾಯಿಗೆ ಗೋಣಿಚೀಲದ ಚಪ್ಪರ ಕಟ್ಟಿದರು. ಇನ್ನೊಬ್ಬರು ಮರಿಗಳು ಚೆನ್ನಾಗಿ ಕಾಣಲೆಂದು ನವಿಲುಕೋಸಿನ ಮೇಲೆ ಕಾಲಿಟ್ಟು ನಿಂತರು. ಮೇಷ್ಟ್ರ ಹೆಂಡತಿ ಶ್ಯಾಮಲಮ್ಮ ಬಂದವರಿಗೆಲ್ಲ ಕಾಫಿ ಕೊಟ್ಟರು.

ಜನ ಕರಗಿದಾಗ ಹನ್ನೊಂದೂವರೆ. ನಾಯಿ ಬೇಲಿಯ ಹತ್ತಿರ ಗಂಜಿ ನೆಕ್ಕುತ್ತಿತ್ತು. ಮೇಷ್ಟ್ರು ಮರಿಗಳನ್ನು ಬೇರೆಡೆ ಸಾಗಿಸಲು ಮಂಕರಿ ತಂದು, ದೇವರನ್ನು ನೆನೆದು, ಮೊದಲ ಮರಿಯನ್ನು ಎತ್ತಿದರು. ಮರಿ ಕುಂಯ್ ಎಂದಿತು. ನಾಯಿ ಬೋಗುಣಿ ಬಿಟ್ಟು ಹಾರಿ ಬಂತು. ಆಮೇಲೆ ಉಳಿದ ಪಾತಿಯನ್ನೆಲ್ಲ ತುಳಿದವರು ಸ್ವತಃ ಮೇಷ್ಟ್ರೇ. ಓಡಿ ಅವರೆ ಬಳ್ಳಿಯ ಮರೆ ಸೇರಿದರು. ಪಂಚೆ ನಾಯಿಯ ಬಾಯಲ್ಲಿ ಉಳಿಯಿತು.

ಹೊರಗೆ ಟೆಂಪೋ ನಿಂತ ಸದ್ದಾಯಿತು. ಹೆಗಲ ಟವೆಲು ಸುತ್ತಿಕೊಂಡು ಮೇಷ್ಟ್ರು ಬಳ್ಳಿಯ ಮರೆಯಿಂದ ಈಚೆ ಬರುವುದಕ್ಕೂ ಆಂಜಿನಪ್ಪನವರು ಹಿತ್ತಿಲಿಗೆ ಕಾಲಿಡುವುದಕ್ಕೂ ಸರಿಹೋಯಿತು. ಬೀಗರು ಹಿತ್ತಿಲನ್ನು ಒಮ್ಮೆ ನೋಡಿದರು. ನೆಲಕ್ಕೊರಗಿದ ಹೂಕೋಸು, ಚಪ್ಪರ, ಗಂಜಿಯ ಬೋಗುಣಿ, ನಾಯಿ, ಮರಿ. ಮೇಷ್ಟ್ರು ಮುಂದಿನ ಮಾತಿಗೆ ಎದೆ ಗಟ್ಟಿ ಮಾಡಿಕೊಂಡರು.

“ಏನು ಬಾವಗಾರೂ ಇದು?” ಎಂದರು ಆಂಜಿನಪ್ಪನವರು, ತಮ್ಮ ಕಡೆಯ ತೆಲುಗು ಬೆರೆಸಿ.

ಯಾವ ದೇವರು ಬುದ್ಧಿ ಕೊಟ್ಟನೋ, ಮೇಷ್ಟ್ರ ಬಾಯಿಂದ ಗಂಭೀರವಾದ ಉತ್ತರ ಹೊರಟಿತು. “ಏನು ಮಾಡೋದು ಬೀಗ್ರೇ. ಒಳ್ಳೇ ಹೂಕೋಸು ಬಂದಿತ್ತು. ಆದ್ರೆ ಚಳೀಲಿ ಮೂಕಪ್ರಾಣಿ ಹೆರೋಕೆ ಜಾಗ ಇಲ್ದೆ ಅಲೀತಿತ್ತು. ನಾನೇ ಹುಲ್ಲು ಹಾಸಿ ಬಿಟ್ಟುಕೊಟ್ಟೆ. ಹೂಕೋಸು ಇವತ್ತು ಹೋದ್ರೆ ನಾಳೆ ಬರುತ್ತೆ.”

ಆಂಜಿನಪ್ಪನವರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. “ಮದುವೆ ದಿನ ಏನೋ ಹಗುರಾಗಿ ಮಾತಾಡ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ. ಬೆಳೆ ತೆಗೆಯೋರು ಊರಿಗೆ ನೂರು ಜನ ಇದಾರೆ ಬಾವಾ. ಇಂಥ ಮನಸ್ಸು ಯಾರಿಗಿದೆ?”

ಗಂಟಲಲ್ಲಿದ್ದ ಹೋಳಿಗೆ ಇಳಿಯಿತು. ಊಟವಾದ ಮೇಲೆ ಬೀಗರೇ ಕೇಳಿದರು, ತೋಪಿಗೆ ಕಾವಲು ನಾಯಿ ಬೇಕು, ತಾಯಿ ಮಕ್ಕಳನ್ನು ಒಟ್ಟಿಗೆ ಕಳಿಸಿಕೊಡುತ್ತೀರಾ ಎಂದು. ಮೇಷ್ಟ್ರು ತುಸು ಸಂಕಟ ನಟಿಸಿ ಒಪ್ಪಿದರು. ಮುನಿಯಲ್ಲಮ್ಮ ಹತ್ತು ದಿನದ ಮಾತು ಮರೆತು, ನಾಯಿಯ ಹಣೆಗೆ ಕುಂಕುಮವಿಟ್ಟು, ಅನ್ನದ ಆಸೆ ತೋರಿಸಿ ಮರಿಗಳ ಸಮೇತ ಟೆಂಪೋ ಹತ್ತಿಸಿದರು.

ಮಧ್ಯಾಹ್ನವೆಲ್ಲ ಮೇಷ್ಟ್ರು ಮಣ್ಣಿನಲ್ಲಿ ಮಂಡಿಯೂರಿದರು. ಬಾಗಿದ ಗಿಡಗಳಿಗೆ ಒಂದೊಂದಾಗಿ ಕಡ್ಡಿ ಕೊಟ್ಟು, ಬುಡಕ್ಕೆ ಮಣ್ಣು ಏರಿಸಿ, ನೀರು ಚಿಮುಕಿಸಿದರು. ಹದಿನೇಳು ಹೂಕೋಸು ಉಳಿದವು. ಬೀಗರ ಗೌರವವೂ ಸಿಕ್ಕಿತು, ಬೆಳೆಯೂ ಸಿಕ್ಕಿತು ಎಂದು ಅವರು ಸೊಂಟ ನೆಟ್ಟಗೆ ಮಾಡಿಕೊಳ್ಳುವಾಗ ಸಂಜೆ ಇಳಿಯುತ್ತಿತ್ತು, ಟೆಂಪೋ ಮತ್ತೆ ಬಂದು ಬಾಗಿಲಲ್ಲಿ ನಿಂತಿತು. ಡ್ರೈವರ್ ಏನನ್ನೋ ಇಳಿಸಿ ಹಿತ್ತಿಲ ಕಡೆ ಅಟ್ಟಿದ. ಮೇಷ್ಟ್ರ ಫೋನು ಬಡಿದುಕೊಂಡಿತು.

“ಬಾವಗಾರೂ, ಆರು ಜೀವ ಒಟ್ಟಿಗೆ ಕಳಿಸಿದ್ರಿ. ಹಿತ್ತಿಲು ಬಿಕೋ ಅಂತಿರ್ತದೆ ಅಂತ ನಂಗೆ ಸಮಾಧಾನಾನೇ ಆಗ್ಲಿಲ್ಲ. ಎರಡು ಮೇಕೆ ಕಳಿಸಿದೀನಿ. ವಾಣಿಶ್ರೀ ಕೈಯಾರೆ ಸಾಕಿರೋವು, ಮಾರೋಕೆ ಹೋಗ್ಬೇಡಿ. ಕಟ್ಟಿದ್ರೆ ಮಾತ್ರ ಅನ್ನ ನೀರು ಬಿಡ್ತವೆ. ಹಾಗೇ ಓಡಾಡ್ಕೊಂಡಿರ್ಲಿ.”

ಮೇಷ್ಟ್ರು ತಿರುಗಿ ನೋಡಿದರು. ಕರಿ ಮೇಕೆ ಮೊದಲ ಸಾಲಿನ ಮೂರನೆಯ ಹೂಕೋಸು ಮುಗಿಸಿ ನಾಲ್ಕನೆಯದಕ್ಕೆ ಬಾಯಿ ಹಾಕಿತ್ತು. ಬಿಳಿ ಮೇಕೆ ಆ ಕಡೆಯ ಕೊನೆಯಿಂದ ಶುರು ಮಾಡಿತ್ತು.

“ಬಾವಾ, ಇದೀರಾ? ಮಾತೇ ಇಲ್ವಲ್ಲ.”

“ಇದೀನಿ ಬೀಗ್ರೇ,” ಎಂದರು ಮೇಷ್ಟ್ರು. “ಕಣ್ಣಲ್ಲಿ ನೀರು ಬರ್ತಿದೆ.”

“ನಂಗೊತ್ತಿತ್ತು,” ಎಂದರು ಆಂಜಿನಪ್ಪನವರು. “ಅದಕ್ಕೇ ಮುಂದಿನ ಭಾನುವಾರ ಇನ್ನೆರಡು ಕಳಿಸ್ತೀನಿ.”