ರೇಸಿಗೂ ಅದ, ಊರಿಗೂ ಅದ

ರೋಣದಾಗ ಸೈಕಲ್ ಹತ್ತಿ ಹೊರಟವನನ್ನು ಜನ ಸುಮ್ಮನೆ ಬಿಡೋದಿಲ್ಲ. ಅದರಾಗೂ ನನ್ನಂಥ ನಲವತ್ತು ದಾಟಿದ ಸಾಲಿ ಮಾಸ್ತರ, ತಲೆಗೊಂದು ಹೆಲ್ಮೆಟ್ ಏರಿಸಿದರೆ ಮುಗೀತು. ದಿನಕ್ಕೊಂದು ತಮಾಷೆ ಗ್ಯಾರಂಟಿ.

ನನಗೆ ಎರಡು ಆಸೆ ಇದ್ದವು. ರವಿವಾರ ಗೆಳೆಯರ ಜೋಡಿ ನರಗುಂದದವರೆಗೆ ಜೋರಾಗಿ ಓಡಿಸಬೇಕು. ಸೂಟಿ ಬಂದಾಗ ಸಾಮಾನು ಕಟ್ಟಿಕೊಂಡು ಊರೂರು ತಿರುಗಬೇಕು. ಮನೆಯಲ್ಲಿ ಜಾಗ ಇದ್ದದ್ದು ಒಂದೇ ಸೈಕಲ್ಲಿಗೆ.

ಅಂಗಡಿಯೊಳಗ

ಅಂಗಡಿಯವರು ಮೊದಲು ಬೆರಳು ದಪ್ಪದ ಟೈರಿನ ಸೈಕಲ್ ತೋರಿಸಿದರು.

"ಗಾಳಿಯಂಗ ಹೋಗ್ತೈತ್ರಿ ಸರ."

"ಸಾಮಾನು ಎಲ್ಲಿ ಕಟ್ಟೋದ್ರಿ?"

"ಸಾಮಾನು ಯಾಕ ಒಯ್ತೀರಿ? ಹೋದಲ್ಲೇ ತೊಗೋರಿ."

ನನಗೆ ಸಮಾಧಾನ ಆಗಲಿಲ್ಲ. ಆಮೇಲೆ ಎಮ್ಮೆಯಂಥ ಇನ್ನೊಂದು ಸೈಕಲ್ ಹೊರಗೆ ಎಳೆದರು.

"ಇದಕ್ಕ ಎರಡು ಚೀಲ ಜೋಳ ಹೇರ್ರಿ, ಏನೂ ಆಗಂಗಿಲ್ಲ."

"ಆದ್ರ ಲಗೂ ಓಡ್ತೈತೇನ್ರಿ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಜೋಳಕ್ಕ ಏನ್ ಅವಸರ ಐತ್ರಿ ಸರ?"

ಸುತ್ತಿಗೆ

ಕಡೆಗೆ ನಡುವಿನದೊಂದು ಆರಿಸಿದೆ. ಮೈ ಹಗುರ, ಟೈರು ಸ್ವಲ್ಪ ಅಗಲ, ಹ್ಯಾಂಡಲ್ ಮಾತ್ರ ಟಗರಿನ ಕೊಂಬಿನಂಗ ಕೆಳಗೆ ಸುತ್ತಿಕೊಂಡಿತ್ತು. ಹಿಂದೆ ಗಟ್ಟಿ ಕ್ಯಾರಿಯರ್ ಹಾಕಿಸಬೇಕಂತ ನಮ್ಮ ಓಣಿಯ ಪಂಕ್ಚರ್ ಚಾಚಾನ ಹತ್ತಿರ ಒಯ್ದೆ.

ಚಾಚಾ ಸೈಕಲ್ ನೋಡಿದ, ನನ್ನ ಮೈ ಕೈ ನೋಡಿದ. "ನಿಮಗೇನೂ ಪೆಟ್ಟಾಗಿಲ್ಲಲ್ರಿ ಮಾಸ್ತರ?"

"ಇಲ್ಲ ಚಾಚಾ, ಯಾಕ?"

"ಅಷ್ಟ ಸಾಕು ಬಿಡ್ರಿ. ಹ್ಯಾಂಡಲ್ಲಿಂದೇನ್ ದೊಡ್ಡದಲ್ಲ," ಅಂದವನೇ ಸುತ್ತಿಗೆ ಎತ್ತಿದ.

ನಾನು ಹೋಗಿ ಹ್ಯಾಂಡಲ್ ತಬ್ಬಿಕೊಂಡೆ. "ಚಾಚಾ, ಅದು ಹುಟ್ಟಿದ್ದ ಹಂಗ!"

ಚಾಚಾ ಸುತ್ತಿಗೆ ಇಳಿಸಿ ನಿಟ್ಟುಸಿರುಬಿಟ್ಟ. "ಹೊಸಾದನ್ನ ಹಿಂಗ ಮಾರ್ಯಾರ, ನೀವೂ ಸುಮ್ನ ತಂದೀರಿ. ಓದಿದವ್ರಿಗೆ ಮೋಸ ಮಾಡೋದು ಭಾಳ ಸುಲಭ ನೋಡ್ರಿ."

ಮೊದಲ ರೇಸು

ರವಿವಾರ ಗೆಳೆಯರ ಸಂಗಡ ನರಗುಂದದ ಹಾದಿ ಹಿಡಿದೆ. ಅವರೆಲ್ಲ ಮುಂದೆ, ನಾನು ಹಿಂದೆ. ಯಾವಗಲ್ ಊರಿನ ಹತ್ತಿರ ರಸ್ತೆ ಬದಿಗೆ ನಿಂತಿದ್ದ ಒಬ್ಬ ಅಜ್ಜಿ ನನ್ನ ಕ್ಯಾರಿಯರ್ ಕಂಡು ಕೈ ಅಡ್ಡ ಮಾಡಿದಳು.

"ತಮ್ಮಾ, ಬಸ್ಸು ಬರವಲ್ದು. ಮುಂದಿನ ಸ್ಟಾಪಿಗೆ ಬಿಡಪಾ, ಅಲ್ಲಿ ಬ್ಯಾರೆ ಬಸ್ಸು ಸಿಗ್ತೈತಿ."

ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಅಜ್ಜಿ ಬುಟ್ಟಿ ಸಮೇತ ಹತ್ತಿ ಕೂತಳು. ಮುಂದೆ ಹೋಗುತ್ತಿದ್ದ ನನ್ನ ಗೆಳೆಯರನ್ನು ಕಂಡು ನನ್ನ ಬೆನ್ನಿಗೆ ಗುದ್ದತೊಡಗಿದಳು.

"ತುಳಿಯೋ, ಜೋರ್ ತುಳಿ! ಅವರನ್ನ ಹಿಂದ ಹಾಕು!"

ಅಂಥ ಹುರುಪು ನನಗೆ ಯಾರೂ ತುಂಬಿರಲಿಲ್ಲ. ಉಸಿರು ಬಿಗಿಹಿಡಿದು ತುಳಿದೆ. ಒಬ್ಬನನ್ನು ದಾಟಿದೆ, ಇನ್ನೊಬ್ಬನನ್ನೂ ದಾಟಿದೆ. ಹಿಗ್ಗಿ ಕೇಳಿದೆ: "ಯಜ್ಜಿ, ನಿನಗೂ ರೇಸ್ ಅಂದ್ರ ಆಸೇನು?"

"ಎಂಥಾ ರೇಸೋ! ಅವರೂ ಬಸ್ಸಿಗೇ ಹೊಂಟಾರ, ಮೊದ್ಲ ಹೋದ್ರ ನನಗ ಸೀಟ್ ಸಿಗಂಗಿಲ್ಲ!"

ಅಳಿಯ ಬಂದ

ಸೂಟಿಯಲ್ಲಿ ಮೊದಲ ಪ್ರವಾಸ ನಾನೊಬ್ಬನೇ ಗಜೇಂದ್ರಗಡಕ್ಕೆ, ಹೆಂಡತಿಯ ತವರಿಗೆ. ಕ್ಯಾರಿಯರಿನ ಎರಡೂ ಕಡೆ ಚೀಲ, ಮೇಲೊಂದು ಹಾಸಿಗೆ ಸುರುಳಿ. ಬಿಸಿಲಿಗೆ ಮುಖ ಕೆಂಪಾಗಿ, ಕಣ್ಣಲ್ಲಿ ಧೂಳು ಹೊಕ್ಕು ನೀರು ಸೋರುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ಅವತಾರ ಕಂಡು ಎದೆಗೆ ಕೈ ಇಟ್ಟುಕೊಂಡರು.

"ಅಯ್ಯ ಶಿವನ! ಏನ್ ಜಗಳ ಆತ್ರೀ? ಹಾಸಿಗಿ ಸಮೇತ ಬಂದೀರಲ್ರಿ!"

ಒಳಗೆ ಮಗ್ಗದ ಸಪ್ಪಳ ನಿಂತಿತು. ಮಾವ ಸೀರೆ ನೇಯುವುದನ್ನು ಬಿಟ್ಟು ಹೊರಗೆ ಬಂದರು. ಓಣಿಯೂ ಬಂತು. "ಜಗಳ ಇಲ್ರಿ, ಪ್ರವಾಸ" ಅಂದರೆ ಯಾರೂ ನಂಬಲಿಲ್ಲ. ಅತ್ತೆ ಮಗಳಿಗೆ ಫೋನ್ ಹಚ್ಚಿ ಬೈದು, ಆಕೆ ಬಿದ್ದು ಬಿದ್ದು ನಕ್ಕ ಮೇಲೆಯೇ ನನಗೆ ನೀರು ಸಿಕ್ಕಿದ್ದು.

ಊಟ ಆದ ಮೇಲೆ ಮಾವ ಮೆಲ್ಲಗೆ ಸೈಕಲ್ ಹತ್ತಿರ ಬಂದರು. ಸೀಟು ಒತ್ತಿ ನೋಡಿದರು, ಚೀಲ ಅಲ್ಲಾಡಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಅಳಿಯಂದ್ರ, ಖರೇ ಜಗಳ ಆದಾಗ ಹೋಗಾಕ ನನಗೂ ಇಂಥಾದೊಂದು ನೋಡ್ರಿ. ಹಾಸಿಗಿ ಕಟ್ಟಾಕ ಬರ್ಬೇಕು, ಅಷ್ಟ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು:

"ಲಗೂ ಓಡೋದನ್ನೂ ನೋಡ್ರಿ. ಸಂಜಿ ರೊಟ್ಟಿ ಹೊತ್ತಿಗೆ ತಿರುಗಿ ಬರ್ಬೇಕಲ್ಲ ಅವರು!"