ಮುಳ್ಳು ಇಳಿದಾಗಲೇ ಹೆದರಬೇಕಂತೆ

ಈ ಪ್ರಯಾಣದ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ದಿನಚರಿ ಬರೆಯುವ ಅಭ್ಯಾಸ ನನಗಿದೆ ನಿಜ; ಆದರೆ ಆ ದಿನದ ಪುಟದಲ್ಲಿರುವುದು ‘ದೇವರೇ’ ಎಂಬ ಒಂದೇ ಮಾತು. ಹೆದರಿದ ಮನಸ್ಸು ಒಳ್ಳೆಯ ಸಾಕ್ಷಿಯಲ್ಲ. ದೇವದಾನಪಟ್ಟಿ ದಾಟಿದ ಮೇಲೆ ನಾವು ನಿಂತದ್ದು ಹುಣಸೆಮರದ ಕೆಳಗೋ ಬೇವಿನಮರದ ಕೆಳಗೋ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಆದರೆ ಜೀಪಿನ ಶಾಖ ತೋರಿಸುವ ಮುಳ್ಳು ಎಲ್ಲಿ ಎಷ್ಟು ವಾಲಿತ್ತು ಎಂದು ಕೇಳಿ ನೋಡಿ, ಕಣ್ಣು ಮುಚ್ಚಿಕೊಂಡು ಗೀಚಿ ತೋರಿಸುತ್ತೇನೆ.

ಓಡೈಪಟ್ಟಿಯಲ್ಲಿರುವ ನನ್ನ ಸೋದರಮಾವನಿಗೆ ಒಂದು ದ್ರಾಕ್ಷಿ ತೋಟ, ಒಂದು ಹಳೆಯ ಡೀಸೆಲ್ ಜೀಪು ಮತ್ತು ಒಬ್ಬಳು ಹೆಂಡತಿ. ಅವನ ಪ್ರೀತಿಯೂ ಇದೇ ಕ್ರಮದಲ್ಲಿದೆ ಎಂದು ಅತ್ತೆಯ ದೂರು. ಅತ್ತೆಯ ಎರಡು ಕಣ್ಣಿಗೂ ಪೊರೆ ಬಂದು, ಈಚೆಗೆ ಅವಳು ಮನುಷ್ಯರನ್ನು ಕೆಮ್ಮಿನಿಂದ ಗುರುತಿಸುವ ಸ್ಥಿತಿಗೆ ಬಂದಿದ್ದಳು. ಶಸ್ತ್ರಚಿಕಿತ್ಸೆಗೆಂದು ದಿಂಡಿಗಲ್ಲಿಗೆ ಹೋದಾಗಲೆಲ್ಲ ರಕ್ತದ ಸಕ್ಕರೆ ಏರಿ, ಡಾಕ್ಟರು ವಾಪಸು ಕಳಿಸುತ್ತಿದ್ದರು. ಕೊನೆಗೊಮ್ಮೆ ಸಕ್ಕರೆ ಇಳಿಯಿತು. “ಇಳಿದಿರುವಾಗಲೇ ಕರೆತನ್ನಿ, ನಾಳೆ ಮಧ್ಯಾಹ್ನದೊಳಗೆ ಬಂದರೆ ನಾಳೆಯೇ ಮುಗಿಸೋಣ” ಎಂದರು ಡಾಕ್ಟರು. ಮರುದಿನವೇ ತೋಟದಲ್ಲಿ ಹಣ್ಣಿನ ಕಟಾವು. ಮಾವ ಬರುವಂತಿರಲಿಲ್ಲ. ದಿಂಡಿಗಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ನಾನು ಹಿಂದಿನ ದಿನವೇ ಬಸ್ಸಿನಲ್ಲಿ ಬಂದು ಸಾರಥಿಯಾದೆ.

“ವಂಡಿಗೆ ಎಲ್ಲಾ ಹುಯ್ದಿವ್ನಿ ಕಣ್ಣು. ಹೋದ ಸಲ ನೀ ವಾಂಗಿ ಕೊಟ್ಯಲ್ಲ, ಆ ಕೂಲೆಂಟು, ಅದೂ ಹುಯ್ದಿವ್ನಿ. ಬಯ ಬ್ಯಾಡ, ಓಡ್ಸು,” ಎಂದು ಮಾವ ಜೀಪಿನ ಮೂತಿ ಸವರಿದ. ಅರ್ಧ ತಮಿಳು ಬೆರೆತ ನಮ್ಮ ಮನೆಮಾತಿನಲ್ಲಿ ‘ವಂಡಿ’ ಎಂದರೆ ಗಾಡಿ, ‘ವಾಂಗಿ’ ಎಂದರೆ ಕೊಂಡು; ‘ಕಣ್ಣು’, ‘ಪುಳ್ಳೆ’ ಎರಡೂ ಮಕ್ಕಳನ್ನು ಕರೆಯುವ ಮಾತು.

ನಮ್ಮ ಮನೆತನದಲ್ಲಿ ಎತ್ತಿನ ಎದುರು ಅದರ ಕಾಯಿಲೆಯ ಮಾತಾಡಬಾರದು. ಅದು ಕೇಳಿಸಿಕೊಂಡು ಎದೆಗುಂದುತ್ತದಂತೆ. ಎತ್ತುಗಳು ಹೋಗಿ ಜೀಪು ಬಂದ ಮೇಲೂ ಈ ಮರ್ಯಾದೆ ಮುಂದುವರಿದಿದೆ. ಹಾಗಾಗಿ ತೇನಿ ದಾಟಿದ ಮೇಲೆ ಮುಳ್ಳು ಒಮ್ಮೆಲೇ ಕೆಂಪು ಗೆರೆಯ ಕಡೆ ಚಿಮ್ಮಿದಾಗ, “ಅಯ್ಯೋ, ಎಂಜಿನ್ ಕಾಯ್ತಿದೆ!” ಎಂದು ನಾನು ಕಿರುಚಿದ್ದೇ ತಡ, ಅತ್ತೆ ನನ್ನ ತೊಡೆಗೆ ಚಿವುಟಿದಳು.

“ಸುಮ್ಕಿರು ಪುಳ್ಳೆ! ಅದರ ಮುಂದೆಯೇ ಹೇಳ್ತಾಳೆ! ದೊಡ್ಡ ಓದು ಓದಿವ್ಳೆ!”

“ಮತ್ತೆ ಹೇಗೆ ಹೇಳಲಿ ಅತ್ತೆ?”

“ಸೈಗೆ ಮಾಡು.”

ಕಣ್ಣು ಕಾಣದವಳಿಗೆ ಸನ್ನೆಯಿಂದ ಎಂಜಿನ್ನಿನ ಶಾಖವನ್ನು ತಿಳಿಸುವುದು ಹೇಗೆಂದು ನಾನು ಯೋಚಿಸುತ್ತಿರುವಾಗಲೇ ಮುಳ್ಳು ದಡಕ್ಕನೆ ತಳಕ್ಕೆ ಬಿತ್ತು. ಬದುಕಿಕೊಂಡೆವು ಎಂದುಕೊಂಡು ರಸ್ತೆಯ ಪಕ್ಕ ನಿಲ್ಲಿಸಿ, ಫೋನಿನಲ್ಲಿ ಹುಡುಕಿದೆ. ಓದು ನನಗೆ ಯಾವತ್ತೂ ಒಳ್ಳೆಯದು ಮಾಡಿಲ್ಲ. ಏರಿದ ಮುಳ್ಳು ಥಟ್ಟನೆ ಇಳಿದರೆ ಸಂತೋಷಪಡಬಾರದಂತೆ. ಅಳೆಯುವ ಕಡ್ಡಿಗೆ ನೀರೇ ತಾಗದೆ ಬರೀ ಗಾಳಿ ತುಂಬಿರಬಹುದಂತೆ, ಒಳಗೆ ಎಂಜಿನ್ ಬೇಯುತ್ತಿದ್ದರೂ ಮುಳ್ಳು ತಣ್ಣಗೆ ಮಲಗಿರುತ್ತದಂತೆ. ಅಲ್ಲಿಂದಾಚೆ ನನಗೆ ಮುಳ್ಳು ಏರಿದರೆ ಭಯ, ಇಳಿದರೆ ಇನ್ನೂ ಭಯ, ನಡುವೆ ನಿಂತರೆ ಅನುಮಾನ. ಪಕ್ಕದಲ್ಲಿ ಅತ್ತೆಯದೂ ಅದೇ ಕಥೆ: ಸಕ್ಕರೆ ಏರಿದರೆ ಆಪರೇಷನ್ ಇಲ್ಲ, ದಾರಿಯಲ್ಲಿ ಊಟ ತಪ್ಪಿ ಇಳಿದರೆ ಪ್ರಜ್ಞೆಯೇ ಇಲ್ಲ. ಒಂದೇ ಗಾಡಿಯಲ್ಲಿ ಎರಡು ಮುಳ್ಳು. ಎರಡಕ್ಕೂ ನಾನೇ ಕಾವಲು.

ಹೀಗೆ ಹೆದರುತ್ತಲೇ ಓಡಿಸಿ ದೇವದಾನಪಟ್ಟಿ ದಾಟಿದಾಗ, ಆ ಹುಣಸೆ ಅಥವಾ ಬೇವಿನ ಮರದ ಕೆಳಗೆ ಒಬ್ಬ ಮೆಕ್ಯಾನಿಕ್ ಇದ್ದ. ಬಾನೆಟ್ ತೆರೆಯುವ ಮೊದಲೇ “ಥರ್ಮೋಸ್ಟಾಟ್ ಪೋಚ್ಚುಕ್ಕಾ” ಎಂದು, ಅದು ಕೆಟ್ಟುಹೋಗಿದೆಯೆಂಬ ತೀರ್ಪು ಕೊಟ್ಟ. ತೆರೆದ ಮೇಲೆ ಫ್ಯಾನ್ ಬೆಲ್ಟು ಎಂದ. ಬೆಲ್ಟು ಗಟ್ಟಿಯಾಗಿರುವುದನ್ನು ಕಂಡು, ಗಾಡಿಯಲ್ಲಿ ಏನೂ ಇಲ್ಲ, ಮೀಟರಿನ ವೈರು ಸಡಿಲ, ಮುಳ್ಳನ್ನು ನೋಡದೆ ಓಡಿಸಿ ಎಂದ. ಆ ಕೊನೆಯ ಸಲಹೆ ನನಗೆ ಬಹಳ ಹಿಡಿಸಿತು. ಹೊರಟೇಬಿಡುತ್ತಿದ್ದೆ, ಅಷ್ಟರಲ್ಲಿ ಆರಿದ ರೇಡಿಯೇಟರಿನ ಮುಚ್ಚಳವನ್ನು ಅವನು ಬಟ್ಟೆ ಹಿಡಿದು ತಿರುಗಿಸಿದ. ಗುಳುಗುಳು ಎಂದು ಉಕ್ಕಿ ಬಂದದ್ದು ಆಕಾಶದ ಬಣ್ಣದ ನೀರು. ಅದರಲ್ಲಿ ಮೊಸರು ಒಡೆದಂತೆ ಗಸಿ.

“ಕೂಲೆಂಟ್ ನೀಲಿ ಇರುತ್ತದೆ,” ಎಂದೆ ನಾನು, ತಿಳಿದವಳಂತೆ.

ಅತ್ತೆ ಇಳಿದು ಬಂದು, ತಡವಿ, ಆ ಗಸಿಯನ್ನು ಬೆರಳಲ್ಲಿ ಉಜ್ಜಿದಳು. ಮೂಸಿದಳು. “ತಂಬಿ, ಒಂದ್ ಇರುಂಬು ಕೊಡಪ್ಪ,” ಎಂದು ಮೆಕ್ಯಾನಿಕ್ಕಿನಿಂದ ಒಂದು ಕಬ್ಬಿಣದ ತುಂಡು ಇಸಿದುಕೊಂಡು ಆ ನೀರಿನಲ್ಲಿ ಅದ್ದಿ ಹಿಡಿದಳು. ದ್ರಾಕ್ಷಿ ಬೆಳೆಯುವವರು ಬಳ್ಳಿಗೆ ಬೂಷ್ಟು ಬಾರದಂತೆ ಮೈಲುತುತ್ತದ ನೀಲಿ ಹರಳು ಮತ್ತು ಸುಣ್ಣ ಕಲಸಿ ಸಿಂಪಡಿಸುತ್ತಾರೆ. ಕಲಸಿದ ಮೇಲೆ ಕುಡುಗೋಲು ಅದ್ದಿ ಪರೀಕ್ಷಿಸುತ್ತಾರೆ. ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ.

“ಬಣ್ಣ ಹತ್ತಿತಾ?”

“ಕೆಂಪಗೆ ಹತ್ತಿದೆ ಅತ್ತೆ.”

“ನೋಡ್ದ್ಯಾ! ಸುಣ್ಣ ಕಮ್ಮಿ! ಇಷ್ಟು ವರುಷ ತೋಟ ಮಾಡಿ ನಿಮ್ಮಾವ ಅನ್ನೋ ಈ ಆಳಿಗೆ ಇನ್ನೂ ಸುಣ್ಣದ ಅಳತೆ ಬರಲ್ಲ!”

ನಡುದಾರಿಯಲ್ಲಿ ಗಾಡಿ ಕೆಟ್ಟು, ಕಣ್ಣಿನ ಗತಿ ಏನೆಂದು ತಿಳಿಯದೆ ನಿಂತ ಹೊತ್ತಿನಲ್ಲಿ ಅವಳ ಸಿಟ್ಟೆಲ್ಲ ಆ ಸುಣ್ಣದ ಮೇಲೆ. ತೋಟದ ಔಷಧಿ ಜೀಪಿನ ಹೊಟ್ಟೆಗೆ ಹೇಗೆ ಹೋಯಿತೆಂದು ಕೇಳಿದಾಗ ಮಾತ್ರ ದನಿ ತಗ್ಗಿಸಿದಳು. ಮಾವ ನನ್ನ ಕೂಲೆಂಟನ್ನು ಹಳೆಯ ಕುಡಿಯುವ ನೀರಿನ ಕ್ಯಾನಿಗೆ ಬಗ್ಗಿಸಿ, ಅಂಗಡಿಯ ಚೆಂದದ ಡಬ್ಬಿಯನ್ನು ಮೊಳೆ ತುಂಬಲು ಇಟ್ಟುಕೊಂಡನಂತೆ. ಪಂಪ್‌ಸೆಟ್ ಕೋಣೆಯಲ್ಲಿ ಔಷಧಿಯ ಕ್ಯಾನಿನ ಪಕ್ಕದಲ್ಲಿ ಇದೂ ಒಂದು. ಎರಡೂ ನೀಲಿ.

ಮೆಕ್ಯಾನಿಕ್ ಪೈಪು ಹಾಕಿ ಒಳಗಿನದನ್ನೆಲ್ಲ ತೊಳೆದು, ಬರೀ ನೀರು ತುಂಬಿ, “ಮೆದುವಾ ಪೋಂಗಕ್ಕಾ” ಎಂದು ಕಳಿಸಿದ. ಮೆದುವಾಗಿಯೇ ಹೋದೆ. ಸೈಕಲ್ಲುಗಳು ನಮ್ಮನ್ನು ಹಿಂದೆ ಹಾಕಿದವು. ವತ್ತಲಗುಂಡಿನಲ್ಲಿ ಅತ್ತೆಗೆ ಎರಡು ಇಡ್ಲಿ, ಜೀಪಿಗೆ ಒಂದು ಕೊಡ ನೀರು. ಆಸ್ಪತ್ರೆ ಸೇರುವಾಗ ಡಾಕ್ಟರು ಕೈಗವಸು ಬಿಚ್ಚುತ್ತಿದ್ದರಂತೆ. ಬೈದುಕೊಂಡೇ ಸಕ್ಕರೆ ನೋಡಿ, ಇನ್ನೊಂದು ಜೊತೆ ಹಾಕಿಕೊಂಡರು.

ಕಟ್ಟು ಬಿಚ್ಚಿದ ದಿನ ಅತ್ತೆ ನನ್ನನ್ನು ದಿಟ್ಟಿಸಿ, “ಇಷ್ಟು ಇಳೆತು ಹೋಗಿದ್ದೀಯಲ್ಲೇ ಕಣ್ಣು” ಎಂದು ಮರುಗಿದಳು. ಎರಡು ಮುಳ್ಳು ಕಾದವಳು ಇಳಿಯದೆ ಇನ್ನೇನು? ಅದೇ ಹೊತ್ತಿಗೆ ಮಾವ ಬಸ್ಸಿನಲ್ಲಿ ಒಂದು ಬುಟ್ಟಿ ದ್ರಾಕ್ಷಿ ಕಳಿಸಿದ್ದ. ಅತ್ತೆ ಒಂದು ಗೊಂಚಲು ಎತ್ತಿ ಬೆಳಕಿಗೆ ಹಿಡಿದಳು. “ಈ ಸಲ ಏನ್ ಮಿನುಗು! ಹಿಂಗೆ ಯಾವತ್ತೂ ಬಂದಿರಲಿಲ್ಲ.” ಅವಳ ಹೊಸ ಕಣ್ಣಿನ ಗುಣವಿರಬಹುದು. ಇರಲಿ ಎಂದು ಬೇಡಿಕೊಳ್ಳುತ್ತಾ ನಾನು ಗೊಂಚಲನ್ನು ಅವಳ ಕೈಯಿಂದ ಕಸಿದುಕೊಂಡೆ. ನಾಯಿ ನೆಕ್ಕಿದರೂ ಅಪಾಯ ಎಂದು ಆ ಕೂಲೆಂಟಿನ ಡಬ್ಬಿಯ ಮೇಲೆ ಬರೆದಿದ್ದನ್ನು ಓದಿದವಳು ನಾನು. ಅದನ್ನು ಕೊಡುವಾಗ “ಜಿಪುಣತನ ಮಾಡಬೇಡ ಮಾವ, ಧಾರಾಳವಾಗಿ ಹಾಕು” ಎಂದು ಹೇಳಿದವಳೂ ನಾನೇ, ಅಥವಾ ಹಾಗೆ ನನಗೆ ನೆನಪು.

ಬುಟ್ಟಿ ಮೇಜಿನ ಮೇಲಿದೆ. ತಿನ್ನಲು ಧೈರ್ಯವಿಲ್ಲ, ಎಸೆದು ಅವನ ಮನಸ್ಸು ನೋಯಿಸಲೂ ಧೈರ್ಯವಿಲ್ಲ. ಫೋನು ಮಾಡಿದರೆ ಲೈನು ಸರಿಯಿಲ್ಲ ಎನ್ನುತ್ತಾನೆ, ಆಮೇಲೆ ಅತ್ತೆಯ ಕಣ್ಣು ಹೇಗಿದೆ ಎಂದು ಸ್ಪಷ್ಟವಾಗಿ ಕೇಳುತ್ತಾನೆ. ನಾನು ಕೇಳಿದ್ದು ಇಷ್ಟೇ: “ಬಳ್ಳಿಯದು ಜೀಪಿಗೆ ಹೋಯಿತು, ಸರಿ ಮಾವ. ಹಾಗಾದರೆ ಬಳ್ಳಿಗೆ ನೀನು ಹೊಡೆದದ್ದು ಏನು?”