ಸಮುದ್ರದಾಗ ತೇಲಿದ ಜುಟ್ಟು

ಬರ್ರಿ, ಹಿಂಗ ನನ್ನ ಎದುರಿಗೇ ಕುಂದರ್ರಿ. ಚಹಾ ಆಮ್ಯಾಲೆ ಕುಡಿಯೋಣಂತ, ಮೊದಲು ನನ್ನ ಮಾತು ಕೇಳ್ರಿ. ಸಿಡ್ನಿಗೆ ಮಗನ ಮನಿಗೆ ಹೋದಾಗೆಲ್ಲ ನನಗ ಹಿಂಥಾದ್ದು ಒಂದಿಲ್ಲೊಂದು ಆಗೇ ಆಗ್ತದ. ಆದರ ಆ ರವಿವಾರದ್ದು ನೆನೆಸಿದರ ಇನ್ನೂ ಮೈ ಉರೀತದ.

ಊರಿಗೆ ಬರಾಕ ನಾಕು ದಿನ ಉಳಿದಿತ್ತು. "ಡಾಲ್ಫಿನ್ ಕಣ್ಣಿಲೆ ನೋಡದ ನಾ ವಿಮಾನ ಹತ್ತಾಂಗಿಲ್ಲ" ಅಂತ ಮಗನಿಗೆ ಹೇಳಿಬಿಟ್ಟಿದ್ದೆ. ನಾನು, ನಮ್ಮ ಮನಿಯವರು, ಮಗ, ಒಂಬತ್ತು ವರ್ಷದ ಮೊಮ್ಮಗಳು, ನಾಕೂ ಮಂದಿ ಹೊಂಟಿವಿ. ಸೊಸಿಗೆ ಡ್ಯೂಟಿ ಇತ್ತು. ಮಗನ ಮನಿ ಇರೂ ಗಿರಾವೀನ್‌ದಿಂದ ಸಮುದ್ರದಂಡಿಗೆ ಎರಡೂವರಿ ತಾಸಿನ ಹಾದಿ. ಮುಂಜಾನೆ ಮರಳಗುಡ್ಡದ ಮ್ಯಾಲೆ ಜೀಪು, ಮಧ್ಯಾಹ್ನ ಬೋಟು.

ಇಳಿದ ಕೂಡಲೇ ಮಗ ಏನಂದ ಗೊತ್ತೇನು? "ಅವ್ವಾ, ನಿಮಗಿಬ್ಬರಿಗೂ ಇದೆಲ್ಲ ಬ್ಯಾಡ. ಬೆಂಚಿನ ಮ್ಯಾಲೆ ಕುಂತು ಗಾಳಿ ತಗೋರಿ."

ಗಾಳಿ! ಧಾರವಾಡದಾಗ ಗಾಳಿ ಇರಲಿಲ್ಲೇನು? "ನೀ ಹುಟ್ಟೂಮುಂದ ಚಕ್ಕಡಿಯಾಗ ಹನ್ನೆರಡು ಮೈಲಿ ದವಾಖಾನಿಗೆ ಹೋಗೀನಿ. ಆ ರಸ್ತಾದ ಮುಂದ ಇದ್ಯಾವ ಗುಡ್ಡ?" ಅಂದೆ.

ಒರೆಸಿದ ಒಪ್ಪಿಗಿ

ಜೀಪು ಹತ್ತೂಕಿಂತ ಮೊದಲು ಒಪ್ಪಿಗಿ ಕೊಡಬೇಕಂತ. ಕೌಂಟರಿನ ಹುಡುಗಿ ಒಂದು ಟ್ಯಾಬ್ಲೆಟ್ ಮುಂದ ಹಿಡದಳು.

"ಇದರಾಗೇನದ?" ಅಂದೆ.

"ನಾವು ಸತ್ತರ ಅವರ ತಪ್ಪಲ್ಲಂತ ಬರದದ. ಬೆರಳಿನಿಂದ ಸೈನ್ ಮಾಡು" ಅಂದ ಮಗ.

ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ; ಹೆಬ್ಬೆಟ್ಟೇ ನನ್ನ ಸೈನು. ಗಾಜಿನ ಮ್ಯಾಲೆ ಒತ್ತಿದೆ, ಗುರುತು ಮೂಡಲಿಲ್ಲ. ಮಸಿ ಕೇಳಿದೆ, ಇಲ್ಲಂತ. ಇಷ್ಟು ದೊಡ್ಡ ದೇಶದಾಗ ಒಂದು ಹನಿ ಮಸಿ ಇಲ್ಲ! ಚೀಲದಾಗಿನ ಕುಂಕುಮಕ್ಕ ನೀರು ಕಲಿಸಿ, ಹೆಬ್ಬೆಟ್ಟು ಅದ್ದಿ ಠಸ್ಸಂತ ಒತ್ತಿದೆ. ಆ ಹುಡುಗಿ "ಬ್ಲಡ್!" ಅಂತ ಚೀರಿ, ಓಡಿಹೋಗಿ ಔಷಧದ ಪೆಟ್ಟಿಗಿ ತಂದು, ನನ್ನ ಬೆರಳಿಗೆ ಪಟ್ಟಿ ಸುತ್ತಿ, ಗಾಜು ಲಖಲಖ ಅನ್ನೂವಂಗ ಒರೆಸಿಬಿಟ್ಟಳು.

ಇನ್ನ ನಾ ಸತ್ತರ ತಪ್ಪು ಆಕೀದೇ.

ಬಲಕ್ಕೋ ಎಡಕ್ಕೋ

ಜೀಪಿನ ಡ್ರೈವರ್ ನನ್ನ ವಾರಿಗಿಯಾಂವ, ಆದರೂ ಚಡ್ಡಿ ಹಾಕ್ಕೊಂಡಿದ್ದ. ಮುಂದಿನ ಸೀಟಿನಾಗ ನನ್ನ ಕೂಡಿಸಿಕೊಂಡು ಗುಡ್ಡದ ತುದಿಗೆ ಹೋಗಿ ಕೇಳಿದ, "ಯೂ ರೈಟ್, ಲವ್?"

ರೈಟಿಗೆ ಹೋಗ್ಲೇನು ಅಂತ ನನ್ನ ಕೇಳ್ತಾನ! ರೈಟಿಗೆ ಸಮುದ್ರ. ದಾರಿ ಗೊತ್ತಿಲ್ಲದಾಂವಗ ಗಾಡಿ ಕೊಟ್ಟವರು ಯಾರು? "ನೋ! ಲೆಫ್ಟ್!" ಅಂತ ಗದರಿಸಿದೆ.

ಅಂವ ನಕ್ಕು ಎಡಕ್ಕ ತಿರುಗಿಸಿದ. ಎಡಕ್ಕ ನೆಲಾನೇ ಇರಲಿಲ್ಲ. ಗಾಡಿ ಮೂಗು ಕೆಳಗ ಮಾಡಿ ಜಾರಿತು ನೋಡ್ರಿ, ನಾ ಎರಡೂ ಕೈಲೆ ಸೀಟು ಅವಚಿಕೊಂಡೆ. ಹಿಂದ ಮೊಮ್ಮಗಳು "ಅಗೇನ್! ಅಗೇನ್!" ಅಂತಾಳ.

ಕೆಳಗ ಬಂದಮ್ಯಾಲೆ ಮಗ ಹೇಳಿದ, "ಅವ್ವಾ, ಅಂವ ಆರಾಮ ಇದ್ದೀರೇನು ಅಂತ ಕೇಳಿದ್ದು."

ಅಲ್ಲೀತನಕ ಕಣ್ಣು ಮುಚ್ಚಿದ್ದ ನಮ್ಮ ಮನಿಯವರು ಕಣ್ಣು ತೆರೆದರು. "ಅದು ಇರಲಿ. 'ಲವ್' ಅಂತ ಯಾರಿಗಂದ?"

"ಐವತ್ತು ವರ್ಷದಾಗ ನೀವು ಒಮ್ಮೆ ಅಂದಿದ್ದರ, ಈಗ ಕೇಳೂ ಹಕ್ಕು ಇರ್ತಿತ್ತು" ಅಂದೆ.

ಹೋಲ್ಡ್ ಆನ್, ಕಾಯ್!

ಬೋಟಿನ ಹತ್ತಿರ ಮಗ ಮತ್ತ ಅಡ್ಡ ಬಂದ. "ಇದಂತೂ ಬ್ಯಾಡವ್ವಾ, ವಾಂತಿ ಆಗ್ತದ."

"ಡಾಲ್ಫಿನ್ ದಂಡಿಗೆ ಬಂದು ನನಗ ನಮಸ್ಕಾರ ಮಾಡ್ತದೇನು?" ಅಂದವಳೇ ಹತ್ತಿಬಿಟ್ಟೆ. ಹತ್ತು ನಿಮಿಷದಾಗ ವಾಂತಿ ಆತು, ಖರೆ. ಆಗಿದ್ದು ಅವಂಗ. ಅಂವ ಸಂಡಾಸದೊಳಗ, ಮೊಮ್ಮಗಳು ಟಿಶ್ಯೂ ಹಿಡಕೊಂಡು ಬಾಗಿಲದಾಗ.

ತುಂಬಿದ ನೀರು ದಾಟೂಮುಂದ ಗಂಗವ್ವಗ ಏನಾರ ಕೊಡೂದು ನಮ್ಮ ಪದ್ಧತಿ. ಹ್ಯಾರಿಸ್ ಪಾರ್ಕಿನಾಗಿನ ನಮ್ಮ ದೇಶದವರ ಅಂಗಡಿಯಿಂದ ಒಂದು ಜುಟ್ಟಿನ ಕಾಯಿ ತಂದಿದ್ದೆ. ಕೈ ಮುಗಿದು, ಸದ್ದಾಗದಂಗ ನೀರಿಗೆ ಬಿಟ್ಟೆ. ದುಡುಂ! ಹಿಂದ ಕುಂತಿದ್ದ ದಪ್ಪನ್ನ ಹೆಂಗಸು ತಿರುಗಿ ನೋಡಿದಳು. ನೀರಿನಾಗ ಜುಟ್ಟು ಮುಳುಗ್ತದ, ಏಳ್ತದ. ಯಾರೋ ಬಿದ್ದಾರಂತ ಹೊಯ್ಕೊಂಡಳು. ಗಂಟಿ ಬಾರಿಸಿದರು, ಬೋಟು ತಿರುಗಿತು, ನಲವತ್ತು ಮಂದಿ ಎಡಮಗ್ಗಲಕ್ಕ ಓಡಿದರು.

"ಅಯ್ಯ, ಅದು ಕಾಯಿ! ಕಾಯಿ!" ಅಂತ ನಾ ಒದರಿದೆ.

ಆ ದೇಶದಾಗ ಗಂಡುಮಕ್ಕಳಿಗೆ ಕಾಯ್ ಅಂತ ಹೆಸರಿಡ್ತಾರಂತ! ನನಗೇನು ಗೊತ್ತು? ನನ್ನ ಮಗನೇ ಬಿದ್ದಾನಂತ ತಿಳಕೊಂಡರು. "ಹೋಲ್ಡ್ ಆನ್, ಕಾಯ್! ಹೋಲ್ಡ್ ಆನ್!" ಅಂತ ನಲವತ್ತು ಮಂದಿ ತೆಂಗಿನಕಾಯಿಗೆ ಧೈರ್ಯ ಹೇಳಾಕ ಹತ್ತಿದರು. ನಮ್ಮ ಮನಿಯವರೂ ಅವರ ಜೋಡಿ!

ಆ ದಪ್ಪನ್ನಾಕಿ ನನ್ನ ಅವಚಿಕೊಂಡು ಅಳಾಕ ಹತ್ತಿದಳು. ಆಕೀ ಹೆಗಲ ಮ್ಯಾಲಿಂದ ಬಲಮಗ್ಗಲ ನೋಡಿದರ, ಎರಡು ಡಾಲ್ಫಿನ್! ತಾಯಿ, ಮರಿ, ಜೋಡೀಲೆ ಜಿಗದು, ಹೊಳದು, ಮುಳುಗಿದವು. "ಈ ಕಡೆ ನೋಡ್ರೋ!" ಅಂತ ಕೈ ಮಾಡಿದೆ. ಆಕಿ ನನ್ನ ಬೆನ್ನು ಇನ್ನೂ ಜೋರಾಗಿ ಸವರಿದಳು.

ಕಡೀಕ ಜಾಳಿಗಿ ಹಾಕಿ ಕಾಯಿ ಎತ್ತಿದರು.

ಆಮ್ಯಾಲೇನಾತಂತೀರಿ? ನನ್ನ ಪರವಾಗಿ ಕ್ಯಾಪ್ಟನ್ನನ ಬೈಗಳ ಮಗ ತಿಂದ. ಇನ್ನೂ ಫೋನಿನಾಗ ಬೋಟಿನ ಹೆಸರು ತಗದರ ಇಟ್ಟುಬಿಡ್ತಾನ. ದಪ್ಪನ್ನಾಕಿ ಕಾಯಿ ಕಂಡು ಕೈ ಬಿಟ್ಟಾಕಿ, ದಂಡಿ ಮುಟ್ಟೂತನಕ ನನಗ ಬೆನ್ನು ಮಾಡಿ ಕುಂತಳು. ಮೊಮ್ಮಗಳು ಸಾಲ್ಯಾಗ ಈ ಕಥಿ ಹೇಳಿ ಚಪ್ಪಾಳಿ ಹೊಡಿಸಿಕೊಂಡಳು. ಗಂಗವ್ವಗ ಕೊಟ್ಟದ್ದು ತಿನ್ನಬಾರದಂತ ನಾ ಬಡಕೊಂಡರೂ ಸೊಸಿ ಆ ಕಾಯಿ ಒಡದು ಚಟ್ನಿ ಮಾಡಿದಳು. ನಮ್ಮ ಮನಿಯವರು ಎರಡು ಸಲ ಹಾಕಿಸಿಕೊಂಡರು.

ನಂದೇನು? ನಲವತ್ತು ಮಂದಿಯೊಳಗ ಡಾಲ್ಫಿನ್ ನೋಡಿದಾಕಿ ನಾ ಒಬ್ಬಾಕಿ. ಯಾರಿಗೆ ಹೇಳಿದರೂ "ಫೋಟೋ ಎಲ್ಲದ?" ಅಂತಾರ. ಫೋಟೋ ಅವ ಬಿಡ್ರಿ, ನಲವತ್ತೂ ಮಂದಿ ಹತ್ರ ಅವ. ಎಲ್ಲಾ ಕಾಯೀವು.